ದಡಿ ಹಾಕಿದ ವೀರಚಕ್ರ

ಗದಗಿನಿಂದ ಗಜೇಂದ್ರಗಡಕ್ಕೆ ಬಸ್ಸಿನ ಟಿಕೀಟು ಒಂದು ರೂಪಾಯಿ, ಧೂಳು ಪುಕ್ಕಟೆ. ಅಬ್ಬಿಗೇರಿ ದಾಟುವ ಹೊತ್ತಿಗೆ ನನ್ನ ಬಿಳಿ ಟೊಪ್ಪಿಗೆ ಎರೆಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಧಾರವಾಡದಲ್ಲಿ ನನ್ನ ಜೊತೆ ಓದಿದ ಬಸವರಾಜ ಸೈನ್ಯದಲ್ಲಿ ಕ್ಯಾಪ್ಟನ್ ಆಗಿ, ಕಾಶ್ಮೀರದ ಯುದ್ಧದಲ್ಲಿ ವೀರಚಕ್ರ ಪಡೆದು, ಈಗ ರಜೆಯ ಮೇಲೆ ಊರಿಗೆ ಬಂದಿದ್ದ. ಮರುದಿನ ರೋಣದಲ್ಲಿ ಅವನಿಗೆ ಸತ್ಕಾರ. ಅದನ್ನು ನೋಡಲೆಂದೇ ನಾನು ಹೊರಟಿದ್ದೆ.

ನೇಕಾರರ ಓಣಿಯಲ್ಲಿ ಅವನ ಮನೆ. ತಾಯಿ ಗಂಗವ್ವ ಮಗ್ಗದಿಂದ ಎದ್ದು ಬಂದು ನೀರು ಕೊಟ್ಟರು. ಬಸವರಾಜ ನನ್ನನ್ನು ಹಿತ್ತಲಿಗೆ ಎಳೆದೊಯ್ದ.

"ಭಾಳ ಪೇಚಿನ್ಯಾಗ ಬಿದ್ದೇನೋ ಮಾರಾಯಾ," ಎಂದು ಪದಕ ತೋರಿಸಿದ.

ವೀರಚಕ್ರದ ಪಟ್ಟಿ ಅರ್ಧ ನೀಲಿ, ಅರ್ಧ ಕೇಸರಿ. ಈ ಪಟ್ಟಿಗೆ ಮಾತ್ರ ಎರಡೂ ಕಡೆ ಸೀರೆಗಿರುವಂಥ ಕೆಂಪು ದಡಿ! ಸರಕಾರದ ಪಟ್ಟಿ ಗಂಗವ್ವನವರ ಮನಸ್ಸಿಗೆ ಬಂದಿರಲಿಲ್ಲ. ಅದನ್ನು ಒಲೆಗೆ ಹಾಕಿ, ರೇಷ್ಮೆಯಲ್ಲಿ ಹೊಸದನ್ನೇ ನೇಯ್ದಿದ್ದರು.

"ದಡಿ ಇಲ್ಲದ್ದು ಅರಿವಿ ಹ್ಯಾಂಗ ಆಗತದೋ ಯಪ್ಪಾ?" ಎಂದು ನಮ್ಮ ಹಿಂದೆಯೇ ಹಿತ್ತಲಿಗೆ ಬಂದ ಅವರು ನನ್ನನ್ನೇ ಕೇಳಿದರು. "ಅಷ್ಟು ದೊಡ್ಡ ಸರಕಾರಕ್ಕ ಒಂದೀಟು ಕೆಂಪು ನೂಲು ಸಿಗಲಿಲ್ಲೇನು?"

ಯೂನಿಫಾರ್ಮಿನ ಮೇಲೆ ಅದನ್ನು ಹಾಕಿದರೆ ಶಿಸ್ತಿನ ಭಂಗ, ಅದೂ ಸತ್ಕಾರಕ್ಕೆಂದು ಬೆಳಗಾವಿಯಿಂದ ಬರುವ ಕರ್ನಲ್ ಸಾಹೇಬರ ಎದುರಿಗೆ. ಹಾಕದಿದ್ದರೆ ತಾಯಿಯ ಮನಸ್ಸು ಮುರಿಯುತ್ತದೆ. ಗಂಗವ್ವ ಮಗ್ಗಕ್ಕೆ ಮರಳಿದ ಮೇಲೆ ಬಸವರಾಜ, "ಅವ್ವಗ ನೀನ ಹೇಳು," ಎಂದ. "ನಿಮ್ಮವ್ವ, ನೀನ ಹೇಳು," ಎಂದೆ. ಇಬ್ಬರಿಗೂ ಧೈರ್ಯ ಸಾಲಲಿಲ್ಲ.

ಬೆಳಿಗ್ಗೆ ರೊಟ್ಟಿ, ಝುಣಕ ಕಟ್ಟಿಕೊಂಡು ಮೂವರೂ ರೋಣದ ಬಸ್ಸು ಹತ್ತಿದೆವು. ಥಂಡಿ ಗಾಳಿಗೆ ಹಿಂಗಾರಿ ಜೋಳ ತೂಗುತ್ತಿತ್ತು. ಯುದ್ಧದ ಕತೆ ಹೇಳೆಂದು ದಾರಿಯುದ್ದಕ್ಕೂ ಕಾಡಿದೆ. "ಅಲ್ಲಿ ಇದಕ್ಕಿಂತ ಥಂಡಿ," ಎಂದಷ್ಟೇ ಹೇಳಿದ.

ಕತೆ ಹೇಳಿದವರು ಕರ್ನಲ್ ಸಾಹೇಬರು, ರೋಣದ ಕನ್ನಡ ಸಾಲಿಯ ಅಂಗಳದಲ್ಲಿ. ಶತ್ರುಗಳು ಗುಡ್ಡವನ್ನು ಮೂರು ಕಡೆ ಮುತ್ತಿದ್ದರು. ಕೆಳಗಿಳಿಯಲು ಆಜ್ಞೆ ಬಂತು. ಬಸವರಾಜ ಗಾಯಾಳುಗಳ ಜೊತೆ ತನ್ನ ಜವಾನರನ್ನೆಲ್ಲ ಮುಂದೆ ಕಳಿಸಿ, ಮಷಿನ್‌ಗನ್ನಿನ ಹಿಂದೆ ತಾನೊಬ್ಬನೇ ಉಳಿದ. ಭುಜಕ್ಕೆ ಗುಂಡು ಬಿದ್ದರೂ ಕತ್ತಲಾಗುವವರೆಗೆ ಕದಲಲಿಲ್ಲ. ಇಳಿದು ಬಂದಾಗ, ಹಾದಿಯಲ್ಲಿ ಬಿದ್ದಿದ್ದ ಒಬ್ಬ ಜವಾನ ಅವನ ಬೆನ್ನ ಮೇಲಿದ್ದ. ಇಂಥವನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದೆನಲ್ಲ ಎಂದು ನನ್ನ ಎದೆ ಉಬ್ಬಿತು.

ಕೈಕುಲುಕಲು ತಿರುಗಿದ ಸಾಹೇಬರ ಕಣ್ಣು ಬಸವರಾಜನ ಯೂನಿಫಾರ್ಮಿನ ಮೇಲಿದ್ದ ಪದಕದ ಮೇಲೆ ನಿಂತಿತು.

"ಕ್ಯಾಪ್ಟನ್, ಈ ಪಟ್ಟಿ ಎಲ್ಲೀದು?"

"ನಮ್ಮ ಮಗ್ಗದ್ದು ಸರ್."

"ಯೂನಿಫಾರ್ಮ್ ಮ್ಯಾಲ ಇದು ನಡೆಯಂಗಿಲ್ಲ."

ಮುಂದೆ ಕೂತಿದ್ದ ಗಂಗವ್ವ ಎದ್ದು ನಿಂತರು. "ತಪ್ಪು ನಂದ್ರೀ ಸಾಹೇಬ್ರ. ಗುಡ್ಡದ ಮ್ಯಾಲ ಅಂವಾ ಒಬ್ಬಾವ ಇದ್ದಾಗ ನನ್ನ ಕೈಲೆ ಏನೂ ಆಗಲಿಲ್ಲ. ಇಷ್ಟರ ಮಾಡೂಣು ಅಂದೆ."

ಬಸವರಾಜ ಸೆಲ್ಯೂಟ್ ಹೊಡೆದು, "ಒಂದೀಟು ತಡೀರಿ ಸರ್," ಎಂದವನೇ ಬದಲಿ ಬಟ್ಟೆಯಿದ್ದ ನನ್ನ ಕೈಚೀಲ ಕಸಿದುಕೊಂಡು ಸಾಲಿಯ ಕೋಣೆಗೆ ಹೋದ. ಹೊರಬಂದಾಗ ನನ್ನ ದೋತರ ಉಟ್ಟು, ಅವನಿಗೆ ಬಿಗಿಯಾದ ನನ್ನ ಅಂಗಿ ತೊಟ್ಟಿದ್ದ. ಎದೆಯ ಮೇಲೆ ಕೆಂಪು ದಡಿಯ ವೀರಚಕ್ರ.

"ನೇಕಾರರ ಮಗನ ಮ್ಯಾಲ ನಡೀತದಲ್ರಿ ಸರ್?"

"ನಡೀತದ," ಎಂದರು ಸಾಹೇಬರು. ವೇದಿಕೆಯಿಂದ ಕೆಳಗಿಳಿದು ಬಂದು ಗಂಗವ್ವನವರಿಗೆ ಸೆಲ್ಯೂಟ್ ಹೊಡೆದರು. ಮುದುಕಿ ಕಕ್ಕಾಬಿಕ್ಕಿಯಾಗಿ ತಲೆಯ ಮೇಲೆ ಸೆರಗೆಳೆದುಕೊಂಡು, "ಮನಿಗೆ ಊಟಕ್ಕ ಬರ್ರಿ," ಎಂದರು.

ನಾನು ಗದಗಿನ ಬಸ್ಸು ಹತ್ತಿ ತಿರುಗಿ ನೋಡಿದೆ. ಕರ್ನಲ್ ಸಾಹೇಬರ ಜೀಪು ಗಜೇಂದ್ರಗಡದ ಹಾದಿ ಹಿಡಿದಿತ್ತು. ಸಾಹೇಬರು ಬಸವರಾಜನ ಜೊತೆ ಹಿಂದೆ ಕೂತಿದ್ದರು, ಮುಂದಿನ ಸೀಟಿನಲ್ಲಿ ಗಂಗವ್ವ.