ಪೋಸ್ಟ್‌ಮಾಸ್ಟರ್ ಆದ ಬಾತುಕೋಳಿ

ಆ ದಿನ ಬೆಳಿಗ್ಗೆಯೂ ಹಾಲು ಉಕ್ಕಿತು. ನಾನು ಒಲೆಯ ಮುಂದೆಯೇ ನಿಂತಿದ್ದೆ. ಕಣ್ಣು ಮಾತ್ರ ಸಾಸಿವೆ ಕಟ್ಟಿಕೊಟ್ಟಿದ್ದ ಹಳೇ ಪೇಪರಿನ ಮೇಲಿತ್ತು. ಅದರಲ್ಲೊಂದು ಫೋಟೋ. ಯಾರೋ ಯಾರಿಗೋ ಹಾರ ಹಾಕುತ್ತಿದ್ದಾರೆ. ಕೆಳಗಿನ ಸಾಲು ಹರಿದುಹೋಗಿತ್ತಾದ್ದರಿಂದ ಹಾಕಿದವರು ಯಾರು, ಹಾಕಿಸಿಕೊಂಡವರು ಯಾರು, ಇಬ್ಬರೂ ಇಷ್ಟೊಂದು ನಗುತ್ತಿರುವುದು ಏಕೆ ಎಂಬುದು ತಿಳಿಯಲಿಲ್ಲ. ಅದನ್ನು ಊಹಿಸುತ್ತಾ ನಿಂತಾಗ ಹಾಲು ತನ್ನ ಕೆಲಸ ತಾನು ಮಾಡಿತು. ನಮ್ಮ ಯಜಮಾನರು ಬಿಡದಿಯ ಕಾರ್ಖಾನೆಯ ಬಸ್ಸಿಗೆ ಹೊರಟವರು ಒಲೆಯನ್ನೂ ನನ್ನನ್ನೂ ನೋಡಿ ಏನೂ ಹೇಳದೆ ಚಪ್ಪಲಿ ಹಾಕಿಕೊಂಡರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಇಷ್ಟು ಮೌನವನ್ನು ಅವರು ಕಲಿತಿದ್ದಾರೆ.

ಚಿತ್ರದ ಕೆಳಗೆ ಹೆಸರಿಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ. ಇದು ಕಾನ್ವೆಂಟಿನ ಸಿಸ್ಟರುಗಳು ಹಚ್ಚಿದ ರೋಗ. ಕಂದು ಕಾಗದದ ಹೊದಿಕೆಯ ಮೇಲೆ ಬಿಳಿ ಚೀಟಿ, ಚೀಟಿಯ ಮೇಲೆ ಹೆಸರು, ತರಗತಿ, ವಿಷಯ. ನೀರಿನ ಬಾಟಲಿಗೂ ಹೆಸರು, ಮಳೆ ಕೋಟಿಗೂ ಹೆಸರು. ಆದರೆ ಎಲ್ಲ ತಪ್ಪನ್ನೂ ಸಿಸ್ಟರುಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ಮನೆಗಳ ಸ್ಟೀಲ್ ಪಾತ್ರೆಗಳನ್ನು ತಿರುಗಿಸಿ ನೋಡಿ. ಪಾತ್ರೆ ಅಂಗಡಿಯವರು ಕಿರ್ರೆನ್ನುವ ಸೂಜಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಇರುತ್ತದೆ. ನನ್ನ ಮದುವೆಯ ದೊಡ್ಡ ತಪ್ಪಲೆಯ ಮೇಲೆ ಕನಕಪುರದ ಸೋದರತ್ತೆಯ ಹೆಸರಿದೆ. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಹಬ್ಬಕ್ಕೆ ಪಾಯಸ ಮಾಡಿದಾಗೆಲ್ಲ ತಪ್ಪಲೆ ಕವುಚಿ ಹಾಕುವ ಹೊತ್ತಿಗೆ ಅವರು ಒಮ್ಮೆ ಬಂದು ಹೋಗುತ್ತಾರೆ.

ಇಂಥ ನನಗೆ ಕಂಪ್ಯೂಟರ್ ಸಿಕ್ಕಿದರೆ ಏನು ಮಾಡಿಯೇನು? ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಗೃಹಿಣಿಯರಿಗೆಂದು ಮೂರು ತಿಂಗಳ ಕ್ಲಾಸು ತೆರೆದಿದ್ದರು. ಉಳಿದವರೆಲ್ಲ ಟೈಪಿಂಗ್ ಕಲಿತು ಜಾಣತನದಿಂದ ಮನೆಗೆ ಹೋದರು. ನಾನು ಒಬ್ಬಳೇ ಉಳಿದು ಪಾಠ ಹೇಳುತ್ತಿದ್ದ ಹುಡುಗಿಯ ಪ್ರಾಣ ತಿಂದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಒಂದಿಷ್ಟು ಕಲಿತೆ. ಹೆಬ್ಬಾವಿನ ಹೆಸರಾದರೂ ಸ್ವಭಾವ ಸಾಧು. ನಾಲ್ಕು ಸಾಲು ಬರೆದಿಟ್ಟರೆ, ಒಮ್ಮೆ ಹೇಳಿದ ಕೆಲಸವನ್ನು ನೂರು ಸಲ ಬೇಸರವಿಲ್ಲದೆ ಮಾಡುತ್ತದೆ. 'ಇನ್ನು ಮುಂದೆ ತರಗತಿಯಲ್ಲಿ ಮಾತಾಡುವುದಿಲ್ಲ' ಎಂದು ನೂರು ಸಲ ಬರೆಸುತ್ತಿದ್ದ ಸಿಸ್ಟರ್ ಕಾಲದಲ್ಲಿ ಇದು ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಅದನ್ನು ಮೊದಲು ಹಚ್ಚಿದ್ದು ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದ ಫೋಟೋಗಳಿಗೆ. ಫೋಲ್ಡರಿನಿಂದ ಒಂದೊಂದೇ ಚಿತ್ರ ತೆಗೆ, ಕೆಳಗೆ ಬಿಳಿ ಪಟ್ಟಿ ಎಳೆ, ಹೆಸರಿನ ಪಟ್ಟಿಯಿಂದ ಒಂದು ಸಾಲು ಓದಿ ಅಲ್ಲಿ ಬರೆ, ಉಳಿಸು, ಮುಂದಕ್ಕೆ ಹೋಗು. ಇಷ್ಟೇ. ಕನ್ನಡದಲ್ಲಿ ಬರೆಸಲು ಹೋದರೆ ಅಕ್ಷರದ ಬದಲು ಸಾಲಾಗಿ ಖಾಲಿ ಚೌಕಗಳು ಬಂದವು, ಚೌಕಾಬಾರದ ಮನೆ ಬರೆದಂತೆ. ಹಾಗಾಗಿ ಕನ್ನಡದ ಹೆಸರುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಸಮಾಧಾನಪಟ್ಟೆ.

ಈ ವಿದ್ಯೆಯ ಸುದ್ದಿ ಕಾಂಪೌಂಡ್ ದಾಟಿದ್ದು ಅಮೀನಾಳಿಂದ. ಅಮೀನಾ ನಮ್ಮ ಪಕ್ಕದ ಮನೆಯವಳು, ರಾಮನಗರದ ರೇಷ್ಮೆ ನೂಲು ಬಿಚ್ಚುವವರ ಮನೆಯಿಂದ ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಗೆ ಸೊಸೆಯಾಗಿ ಬಂದವಳು. ಅವಳ ಮಾವನನ್ನು ಬೀದಿಯವರೆಲ್ಲ ದಾದಾ ಎನ್ನುತ್ತೇವೆ. ಆಲೆಮರದ ತುಂಡನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವುದರಲ್ಲಿ ಅವರದು ಎತ್ತಿದ ಕೈ. ಈಗ ಕಣ್ಣಿಗೆ ಪೊರೆ ಬಂದು, ಮರ ಕಡೆಯುವ ಚರಕಿಯ ಮುಂದೆ ಮಗ ಕೂರುತ್ತಾನೆ. ಮೈಸೂರು ರಸ್ತೆಯ ಅಂಗಡಿಗಳಲ್ಲೂ ಮರದ ಕುದುರೆಯ ಪಕ್ಕ ಬ್ಯಾಟರಿ ಹಾಕಿದ ಪ್ಲಾಸ್ಟಿಕ್ ಕೋತಿಗಳು ಬಂದು ಕೂತಿದ್ದವು. ಹೀಗಿರುವಾಗ ಬೆಂಗಳೂರಿನ ಒಂದು ಅಂಗಡಿಯವರು, ನಿಮ್ಮ ಗೊಂಬೆಗಳ ಫೋಟೋ ಸಿ.ಡಿ.ಯಲ್ಲಿ ಕಳಿಸಿ, ಪ್ರತಿಯೊಂದರ ಕೆಳಗೂ ಗುರುತು ಇರಲಿ, ನೋಡಿ ಆರಿಸಿಕೊಳ್ಳುತ್ತೇವೆ ಎಂದಿದ್ದರು.

ಗುರುತು ಎಂದರೆ ನಂಬರು ಸಾಕು ಎಂದದ್ದು ನಮ್ಮ ಯಜಮಾನರು. ಕಾರ್ಖಾನೆಯ ಸ್ಟೋರಿನಲ್ಲಿ ಒಂದು ಬೋಲ್ಟಿಗೂ ಒಂಬತ್ತು ಅಂಕಿಯ ಹೆಸರಿಡುವವರು ಅವರು. ದಾದಾ ಒಪ್ಪಲಿಲ್ಲ. "ನಂಬರ್ ಆಕಕ್ಕೆ ಅವೇನು ಲಾರಿಗಳಾ? ಒಂದೊಂದುಕ್ಕೂ ಯೆಸರೈತೆ. ನಾನು ಯೋಳ್ತೀನಿ, ನೀನು ಬರ್ಕೊ ತಾಯಿ" ಎಂದರು.

ಒಂದು ಮಧ್ಯಾಹ್ನ ಅವರ ಜಗಲಿಯಲ್ಲಿ ಕೂತು ಬರೆದುಕೊಂಡೆ. ಎದುರಿಗೆ ಗೊಂಬೆಗಳಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಒಳಗಿನ ಹಲಗೆಗಳ ಮೇಲೆ ಜೋಡಿಸಿಟ್ಟ ಕ್ರಮದಲ್ಲೇ ಹೇಳುತ್ತಾ ಹೋದರು. ರೈಲು ಬಂದಂತೆ ಸದ್ದು ಮಾಡುವುದು ರೈಲು ಗಿಲಕಿ. ಹೆಂಚಿನ ಮೇಲೆ ಹನಿ ಬಿದ್ದಂತೆ ಕೇಳುವುದು ಮಳೆ ಗಿಲಕಿ. ಜೇನು. ಎಷ್ಟು ಅಲ್ಲಾಡಿಸಿದರೂ ಬಾಯಿ ಬಿಡದ್ದು ಮುನಿಸು. ಬಳೆ. ಗೆಜ್ಜೆ. ಗಾಲಿಯ ತೂತನ್ನು ಬೇಕೆಂದೇ ಒಸಿ ಓರೆಗೆ ಕೊರೆದಿರುವುದರಿಂದ ಎಳೆದಾಗ ಕುಪ್ಪಳಿಸುವ ಬಾತುಕೋಳಿಗೆ ಬಿಕ್ಕಳಿಕೆ ಎಂದು ಹೆಸರು. ಬೋಳು ತಲೆಯ ಗೊಂಬೆ ಪೋಸ್ಟ್‌ಮಾಸ್ಟರ್. ಮರದ ಎಳೆ ಓರೆಯಿದ್ದುದರಿಂದ ತಲೆ ಬಾಗಿಸಿ ನಿಂತದ್ದು ಮದುಮಗಳು. ಹೀಗೆ ಅರವತ್ತೊಂದು. ನಾನು ಹೆಸರುಗಳನ್ನಷ್ಟೇ ಬರೆದುಕೊಂಡೆ. ಮರುದಿನ ಅಮೀನಾ ತಮ್ಮನ ಕ್ಯಾಮೆರಾ ತಂದು, ಬಿಳಿ ದುಪಟ್ಟಾ ಹಾಸಿ, ಹಲಗೆಯ ಕ್ರಮದಲ್ಲೇ ಒಂದೊಂದರ ಫೋಟೋ ತೆಗೆದಳು.

ಅವಳು ಕ್ಯಾಮೆರಾ ಕೊಡಲು ಬಂದಾಗ ಕಾಂಪೌಂಡಿಗೆ ಒರಗಿ ನಿಂತು ಮಾವನ ವಿಷಯ ಮೆಲ್ಲಗೆ ಹೇಳಿದ್ದಳು: "ಅಬ್ಬಾಗೆ ಈಚೆಗೆ ಗ್ಯಾಪ್ನ ನಿಲ್ತಿಲ್ಲ ಅಕ್ಕ. ಮೊನ್ನೆ ಉಂಡು ಕೈ ತೊಳ್ಕಂಡು ಬಂದು, ಊಟ ಆಯ್ತಾ ನಂದು ಅಂತ ಕೇಳುದ್ರು. ಎದ್ರುಬುಟ್ಟವ್ರೆ ಪಾಪ. ಮುಂಚೆ ಸಾರಿಗೆ ಒಂದು ಅಳ್ಳು ಉಪ್ಪು ಕಮ್ಮಿಯಾದ್ರೂ ಮನೆ ಎತ್ತಾಕೋರು. ಈಗ ಏನಿಕ್ಕುದ್ರೂ ಸುಮ್ನೆ ತಿಂತಾರೆ. ನಾಲಿಗೆ ಮೇಲೂ ನಂಬ್ಕೆ ಇಲ್ಲ ಅವರ್ಗೆ."

ನಾನು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೆ. ಇಟ್ಟುಕೊಳ್ಳಬಾರದಿತ್ತು.

ಸರಿ, ಹಾಲು ಉಕ್ಕಿದ ಆ ಬೆಳಿಗ್ಗೆಗೆ ಬರುತ್ತೇನೆ. ನಾಲ್ಕು ಗಂಟೆಯ ಪ್ಯಾಸೆಂಜರಿಗೆ ಅಮೀನಾಳ ತಮ್ಮ ಬೆಂಗಳೂರಿಗೆ ಹೊರಡುವವನಿದ್ದ, ಅಷ್ಟರಲ್ಲಿ ಸಿ.ಡಿ. ಕೊಡಬೇಕು. ಒಲೆ ಒರೆಸಿ, ಬಟ್ಟೆ ನೆನೆಹಾಕಿ, ಕಂಪ್ಯೂಟರಿನ ಮುಂದೆ ಕೂತು ಆ ನಾಲ್ಕು ಸಾಲಿನ ಸ್ಕ್ರಿಪ್ಟ್ ಓಡಿಸಿದೆ. ಅದು ಸರಸರನೆ ಹೋಗಿ ಕೊನೆಯ ಚಿತ್ರದ ಬಳಿ ಮುಗ್ಗರಿಸಿ ನಿಂತಿತು. ಫೋಟೋ ಅರವತ್ತೆರಡು, ಹೆಸರು ಅರವತ್ತೊಂದು. 'ಅಯ್ಯೋ, ದಾದಾ ಒಂದನ್ನು ಮರೆತಿದ್ದಾರೆ' ಎಂದುಕೊಂಡೆ. ಒಂದು ಕ್ಷಣವೂ ಬೇರೆ ಯೋಚನೆ ಬರಲಿಲ್ಲ ನೋಡಿ. ಕೊನೆಯ ಚಿತ್ರ ಬುಗುರಿಯದಾಗಿತ್ತು. ಪಟ್ಟಿಯ ಕೊನೆಗೆ ನಾನೇ 'ಬುಗುರಿ' ಎಂದು ಸೇರಿಸಿ ಮತ್ತೆ ಓಡಿಸಿದೆ. ಮೊದಲನೆಯದನ್ನು ತೆರೆದೆ: ಬಣ್ಣ ಮಾಸಿದ ಒಂದು ಗಿಲಕಿ, ಕೆಳಗೆ ರೈಲು ಗಿಲಕಿ. ಕೊನೆಯದನ್ನು ತೆರೆದೆ: ಬುಗುರಿ, ಕೆಳಗೆ ಬುಗುರಿ. ಮೇಲಿನೆರಡು ಅಗುಳು ಒತ್ತಿ ಅನ್ನ ಇಳಿಸುವ ಕೈ ಇದು. ಅಲ್ಲಿಗೆ ಬೆಂದಿತೆಂದು ತೀರ್ಮಾನಿಸಿದೆ.

ಹನ್ನೊಂದರ ಹೊತ್ತಿಗೆ ದಾದಾ ಕೋಲೂರಿಕೊಂಡು ಬಂದರು. ಹಿಂದೆ ಅಮೀನಾ, ಕುಕ್ಕೆಯ ತುಂಬಾ ಗೊಂಬೆ. ಅವರಿಗೆ ಪರದೆ ಕಾಣುವುದಿಲ್ಲ. ಆದ್ದರಿಂದ ಚಿತ್ರ ನೋಡಿ ಆ ಗೊಂಬೆಯನ್ನು ಅಮೀನಾ ಅವರ ಕೈಗಿಡುವುದು, ಕೆಳಗಿನ ಹೆಸರನ್ನು ನಾನು ಓದುವುದು ಎಂದಾಯಿತು.

"ಮೊದಲ್ನೇದು ಮೇಲಿನ ಅಲಗೇಲೈತೆ, ಅವತ್ತು ತಮ್ಮ ಇಳಿಸ್ಕೊಟ್ಟಿದ್ದ, ಇವತ್ತು ನಂಗೆ ಎಟುಕ್ಲಿಲ್ಲ. ಮುಂದಕ್ಕೋಗಿ ಅಕ್ಕ" ಎಂದಳು ಅಮೀನಾ. ಮುಂದಕ್ಕೆ ಹೋದೆ.

ಎರಡನೆಯದನ್ನು ದಾದಾ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮುಖ ಅರಳಿತು. "ರೈಲು."

"ಇಲ್ಲ ದಾದಾ, ಇದು ಮಳೆ" ಎಂದೆ.

ಇನ್ನೊಮ್ಮೆ ಅಲ್ಲಾಡಿಸಿದರು. "ಅಂಗಾ?" ಎಂದರು.

ಮೂರನೆಯದಕ್ಕೆ ಅವರು ಮಳೆ ಎಂದರು, ನಾನು ಜೇನು ಎಂದೆ. ನಾಲ್ಕನೆಯದಕ್ಕೆ ಅವರು ಜೇನು ಎಂದರು, ಆದರೆ ದನಿ ತಗ್ಗಿತ್ತು. ನಾನು ಮುನಿಸು ಎಂದೆ, ನನ್ನ ದನಿಯೂ ತಗ್ಗಿತ್ತು. ಅಮೀನಾ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಐದನೆಯದಕ್ಕೆ ಅವರು ಏನೂ ಹೇಳಲಿಲ್ಲ. ನಾನು ಓದುವುದನ್ನೇ ಕಾದಿದ್ದು, ಓದಿದ ಮೇಲೆ ತಲೆಯಾಡಿಸಿದರು. ಆರನೆಯದಕ್ಕೂ ಅಷ್ಟೇ. ಏಳನೆಯ ಗಿಲಕಿಯನ್ನು ಅಲ್ಲಾಡಿಸಿಯೂ ನೋಡಲಿಲ್ಲ. ಬಿಕ್ಕಳಿಕೆ ಎಂದು ನಾನು ಓದಿದೆ. "ಊಂ, ಬಿಕ್ಕಳಿಕೆ" ಎಂದು ಅದನ್ನು ಕುಕ್ಕೆಗೆ ಮರಳಿಸಿ, "ನಂದೇ ತಪ್ಪಿರ್ಬೇಕು ಬುಡಮ್ಮ. ಮಿಸಿನ್ನು ಸುಳ್ಳೇಳ್ತದಾ?" ಎಂದರು.

ನಾನು ಬಹಳ ಕೆಟ್ಟ ಹೆಂಗಸಲ್ಲ. ಆದರೂ ಆಗ ನನ್ನ ಮನಸ್ಸಿನಲ್ಲಿದ್ದದ್ದು ಕನಿಕರವೇ ಹೊರತು ಅನುಮಾನವಲ್ಲ. ಕನಿಕರವಿದ್ದ ಕಡೆ ಯಾರೂ ಲೆಕ್ಕ ತಾಳೆ ನೋಡುವುದಿಲ್ಲ. ಮನುಷ್ಯರಿಗೆ ವಯಸ್ಸಾದ ಮೇಲೆ ನಾವು ಅವರ ಕೆಳಗೂ ಒಂದು ಬಿಳಿ ಪಟ್ಟಿ ಎಳೆದು 'ಮರೆವು' ಎಂದು ಬರೆದುಬಿಡುತ್ತೇವೆ. ಆಮೇಲೆ ಅವರು ಏನು ಮಾಡಿದರೂ ನಾವು ನೋಡುವುದು ಅವರನ್ನಲ್ಲ, ಆ ಪಟ್ಟಿಯನ್ನು.

ಕಾಪಾಡಿದ್ದು ಎಂಟನೆಯ ಚಿತ್ರ. ಅಮೀನಾ ಅವರ ಕೈಗೆ ಬಾತುಕೋಳಿ ಇಟ್ಟಳು. ನಾನು ಓದಿದೆ: "ಪೋಸ್ಟ್‌ಮಾಸ್ಟರ್."

ದಾದಾ ಬೆರಳಿನಿಂದ ಕೊಕ್ಕು ಮುಟ್ಟಿದರು. ಗಾಲಿ ಮುಟ್ಟಿದರು. ಮತ್ತೆ ಕೊಕ್ಕು ಮುಟ್ಟಿದರು.

"ಅಮ್ಮಾ," ಎಂದರು ಬಹಳ ವಿನಯದಿಂದ, "ನಾನು ಏನಾರ ಮರೀಬೋದು. ಪೋಸ್ಟ್‌ಮಾಸ್ಟ್ರಿಗೆ ಮೂಗು ಉದ್ದ ಇತ್ತು, ಒಪ್ಕತೀನಿ. ಇಷ್ಟು ಉದ್ದ ಇರ್ನಿಲ್ಲ."

ಅಮೀನಾ ದುಪಟ್ಟಾ ಬಾಯಿಗೆ ತುರುಕಿಕೊಂಡಳು. ನಾನು ಮುಂದಿನ ಚಿತ್ರ ಒತ್ತಿದೆ. ಬೋಳು ತಲೆಯ ಗಂಡಸು ಎದೆ ಸೆಟೆಸಿ ನಿಂತಿದ್ದ. ಕೆಳಗೆ ಅಂದವಾಗಿ ಮದುಮಗಳು ಎಂದಿತ್ತು. ಮೂವರೂ ನಕ್ಕ ನಗುವಿಗೆ ಹೊರಗೆ ಒಣಗಹಾಕಿದ್ದ ಹಪ್ಪಳಕ್ಕೆ ಬಂದ ಕಾಗೆ ಹಾರಿಹೋಯಿತು.

ನಗು ನಿಂತ ಮೇಲೆ ದಾದಾ ಕೇಳಿದರು. "ಮೊದಲ್ನೇದು ಯಾವ್ದನ್ನ ತಗ್ದೆ ಅಮೀನಾ?"

"ಮೇಲಿನ ಅಲಗೆ ತುದೀಲಿರೋದು ಅಬ್ಬಾ, ಬಣ್ಣ ಓಗಿರೋದು."

"ಅದನ್ಯಾಕೆ ತಗ್ದೆ? ಅದು ಮಾಲಲ್ಲ. ಮೊದಲ ಕಾಯಿ ಅದು."

ಅವರ ಮನೆಯ ಪದ್ಧತಿ ಹೀಗೆ. ಹೊಸ ಚರಕಿ ಹೂಡಿದಾಗ ಅದರಲ್ಲಿ ಕಡೆದ ಮೊದಲ ಗೊಂಬೆಯನ್ನು ಮಾರುವುದಿಲ್ಲ. ಹಲಗೆಯ ತುದಿಯಲ್ಲಿಡುತ್ತಾರೆ. ಅದಕ್ಕೆ ಹೆಸರಿಲ್ಲ, ಎಣಿಕೆಯಲ್ಲೂ ಅದು ಸೇರುವುದಿಲ್ಲ. ದಾದಾ ಕಣ್ಣು ಮುಚ್ಚಿ ಹೆಸರು ಹೇಳುವಾಗ ಅದನ್ನು ಮರೆತಿರಲಿಲ್ಲ. ಐವತ್ತು ವರ್ಷದಿಂದ ಬಿಟ್ಟು ಎಣಿಸಿದಂತೆಯೇ ಬಿಟ್ಟು ಎಣಿಸಿದ್ದರು. ಮಾರಬಾರದೆಂದು ಅಮೀನಾಳಿಗೂ ಗೊತ್ತಿತ್ತು, ಫೋಟೋ ತೆಗೆಯಬಾರದೆಂದು ಯಾರೂ ಹೇಳಿರಲಿಲ್ಲ. ಆ ಒಂದು ಚಿತ್ರದಿಂದ ಎಲ್ಲ ಹೆಸರೂ ಒಂದೊಂದು ಮನೆ ಹಿಂದಕ್ಕೆ ಸರಿದಿದ್ದವು. ನಾನು ಕೊನೆಯಲ್ಲಿ ಹಾಕಿದ 'ಬುಗುರಿ' ಎಂಬ ತೇಪೆ ಅದನ್ನು ಚೆನ್ನಾಗಿ ಮುಚ್ಚಿತ್ತು. ಬುಗುರಿಗೆ ದಾದಾ ಕೊಟ್ಟ ಹೆಸರು ತಲೆತಿರುಕ.

"ಅಂಗಾರೆ ನಾನ್ ಯೋಳಿದ್ದು ಸರಿಯೇ?" ಎಂದರು ದಾದಾ.

"ಎಲ್ಲಾ ಸರಿ ದಾದಾ. ತಪ್ಪು ನನ್ನದು."

"ರೈಲು ರೈಲೇಯಾ?"

"ರೈಲೇ."

ಅವರು ಕುಕ್ಕೆಯಲ್ಲಿ ತಡಕಾಡಿ ಆ ಗಿಲಕಿಯನ್ನು ಹುಡುಕಿ ತೆಗೆದು ಇನ್ನೊಮ್ಮೆ ಅಲ್ಲಾಡಿಸಿ ಕೇಳಿದರು. ಊರಾಚೆಯ ಗೇಟಿನಲ್ಲಿ ರೈಲು ಹೋಗುವಾಗ ಬರುವ ಸದ್ದೇ ಅದು. ಕಿವಿಯಿರುವ ನನಗೆ ಅದು ಮೊದಲೇ ಏಕೆ ಕೇಳಲಿಲ್ಲ ಎಂದು ನಾಚಿಕೆಯಾಯಿತು. ನಾನು ಓದುವುದರಲ್ಲಿದ್ದೆ.

ಮೊದಲ ಕಾಯಿಯ ಚಿತ್ರವನ್ನು ತೆಗೆದುಬಿಡಲೇ ಎಂದು ಕೇಳಿದೆ. ದಾದಾ ಬೇಡವೆಂದು ಕೈಯಾಡಿಸಿದರು. "ಇರ್ಲಿ. ಬೆಂಗ್ಳೂರು ನೋಡ್ಲಿ ಅದೂವೆ. ಯೆಸರು ಮಾತ್ರ ಬ್ಯಾಡ, ಖಾಲಿ ಬುಡು" ಎಂದರು. ನನ್ನ ಬುಗುರಿಯನ್ನು ಅಳಿಸಿ, ಪಟ್ಟಿಯ ತಲೆಯಲ್ಲಿ ಒಂದು ಖಾಲಿ ಸಾಲು ಬಿಟ್ಟೆ. ಇಷ್ಟೇ ರಿಪೇರಿ. ಟೀ ಆರುವಷ್ಟರಲ್ಲಿ ಅರವತ್ತೊಂದು ಗೊಂಬೆಗಳೂ ತಮ್ಮ ತಮ್ಮ ಹೆಸರಿನ ಮೇಲೆ ಬಂದು ನಿಂತವು. ಈ ಸಲ ಎಲ್ಲವನ್ನೂ ನೋಡಿದೆವು. ದಾದಾ ಮೊದಲು ಹೇಳುವರು, ನಾನು ಆಮೇಲೆ ಓದುವೆ. ಒಂದಾದರೂ ತಪ್ಪಲಿಲ್ಲ. ಮದುಮಗಳಿಗೆ ಬಂದಾಗ ಅವರ ದನಿ ಬೀದಿಗೆ ಕೇಳುವಷ್ಟು ಏರಿತ್ತು.

ಸಿ.ಡಿ. ನಾಲ್ಕರ ರೈಲಿಗೆ ಹೋಯಿತು. ಅಂಗಡಿಯವರು ಏನನ್ನು ಆರಿಸುತ್ತಾರೋ, ಏನನ್ನು ಬಿಡುತ್ತಾರೋ. ಏನೇ ಆರಿಸಿದರೂ ಇದು ಬೇಕು ಎಂದು ಬೆರಳಿಟ್ಟು ಒಂದು ಹೆಸರನ್ನು ಹೇಳಲೇಬೇಕು; ಆಗ ಬೆಂಗಳೂರಿನ ಯಾವುದೋ ಟೇಬಲ್ಲಿನ ಮೇಲೆ ಬಿಕ್ಕಳಿಕೆ ಎಂಬ ಮಾತು ಬೀಳುತ್ತದೆ. ಅಷ್ಟು ನೆನೆದುಕೊಂಡೇ ನನಗೆ ಖುಷಿ.

ಸಂಜೆ ದೀಪ ಹಚ್ಚಿ ಬಟ್ಟೆ ತರಲು ಹಿತ್ತಲಿಗೆ ಹೋದೆ. ಕಾಂಪೌಂಡಿನ ಆಚೆ ಅಮೀನಾ ತಂತಿಯಿಂದ ಒಂದೊಂದೇ ಬಟ್ಟೆ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಒಳಗಿನಿಂದ ದಾದಾರ ಗದರಿಕೆ ಕೇಳುತ್ತಿತ್ತು, ಪದಗಳು ಸ್ಪಷ್ಟವಾಗುತ್ತಿರಲಿಲ್ಲ. ಏನಾಯಿತೆಂದು ಹುಬ್ಬಿನಲ್ಲೇ ಕೇಳಿದೆ. ಅವಳು ಬಾಯಲ್ಲಿದ್ದ ಕ್ಲಿಪ್ಪನ್ನು ತೆಗೆದು, ನನ್ನ ಕಡೆ ಸರಿಯಾಗಿ ತಿರುಗದೆಯೇ ಅಂದಳು:

"ಸಾರಿಗೆ ಉಪ್ಪು ಕಮ್ಮಿ ಅಂತೆ ಅಕ್ಕ."