ಮರದ ಕಾಲಿಲ್ಲದ ದಿನ

ಮಗುವಿಗೆ ಕಾಲುಚೀಲ ಹಾಕುವಾಗಲೂ ಅವಳ ಮನಸ್ಸು ಸುತ್ತು ಎಣಿಸುತ್ತಿತ್ತು. ಒದ್ದೆ ಬಟ್ಟೆ ಹಿಂಡುವಾಗ, ನಲ್ಲಿ ಮುಚ್ಚುವಾಗ, ಡಬ್ಬಿಯ ಮುಚ್ಚಳ ತಿರುಗಿಸುವಾಗ ಒಂದು, ಎರಡು, ಮೂರು. ಮೂರನೆಯದಕ್ಕೆ ಎಲ್ಲೋ ಏನೋ ಟಕ್ಕೆಂದು ಮುರಿದಂತಾಗುತ್ತಿತ್ತು. ತಿರುಗಿ ನೋಡಿದರೆ ಏನೂ ಮುರಿದಿರುತ್ತಿರಲಿಲ್ಲ. ಮಗು ಪುಟ್ಟ ಕಾಲನ್ನು ಮುಂದೆ ಚಾಚಿಕೊಂಡು, ಇನ್ನೊಂದು ಕಾಲುಚೀಲ ಯಾವಾಗ ಹಾಕುತ್ತಾಳೋ ಎಂದು ಕಾಯುತ್ತಾ ಕೂತಿರುತ್ತಿತ್ತು. ಆ ಕಾಲನ್ನು ನೋಡುವುದಕ್ಕೂ ಅವಳಿಗೆ ಭಯ.

ಮೊದಲಿನಿಂದಲೂ ಅನುಮಾನದ ಹೆಂಗಸು. ಮನೆ ಬಿಡುವ ಮುನ್ನ ಗ್ಯಾಸ್ ಎರಡು ಸಲ ನೋಡಿ, ಬೀಗ ನಾಲ್ಕು ಸಲ ಎಳೆದು, ಅರ್ಧ ದಾರಿಯಿಂದ ಮತ್ತೆ ತಿರುಗಿ ಬರುವವಳು. ಶಾಲೆಯಲ್ಲಿ ಉತ್ತರಪತ್ರಿಕೆಯನ್ನು ಮೇಷ್ಟ್ರೇ ಅವಳ ಕೈಯಿಂದ ಕಿತ್ತುಕೊಳ್ಳಬೇಕಿತ್ತು. ಹೊಸದಾಗಿ ಮದುವೆಯಾಗಿ ಬಂದಾಗ ಅತ್ತೆ, ನಮ್ಮ ಸೊಸೆ ಸೂರ್ಯ ಹುಟ್ಟಿದನೋ ಇಲ್ಲವೋ ಅಂತ ಕಿಟಕಿ ತೆಗೆದು ಖಾತ್ರಿ ಮಾಡಿಕೊಳ್ಳುತ್ತಾಳೆ ಎಂದು ನೆಂಟರೆದುರು ನಗುತ್ತಿದ್ದರು. ಮಗು ಹುಟ್ಟಿದ ಮೇಲಂತೂ, ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಮತ್ತೆ ಮತ್ತೆ ಬೆರಳಿಟ್ಟು, ಚೆನ್ನಾಗಿ ಮಲಗಿದ್ದ ಕೂಸನ್ನು ಎಬ್ಬಿಸಿ ಅಳಿಸಿ ಬೈಸಿಕೊಳ್ಳುತ್ತಿದ್ದಳು.

ಗಂಡ ದೂರದ ರೈಲುಹಳಿಯ ಕೆಲಸದಲ್ಲಿದ್ದ. ಇವಳು ಕಾರ್ಖಾನೆ ಸೇರಿದಳು. ಅಲ್ಲಿ ಈ ಗುಣವೇ ಅನ್ನ ಕೊಟ್ಟಿತು. ಹೊಲಿಗೆ ಮೇಜಿನಲ್ಲಿ ಕೂತವಳನ್ನು ತಿಂಗಳೊಳಗೆ ಪರೀಕ್ಷೆಯ ಮೇಜಿಗೆ ಹಾಕಿದರು. ಅನುಮಾನಮ್ಮ ಎಂಬ ಹೆಸರೂ ಅಂಟಿತು.

ಅಲ್ಲಿ ತಯಾರಾಗುತ್ತಿದ್ದದ್ದು ರಕ್ತ ನಿಲ್ಲಿಸುವ ಪಟ್ಟಿ. ಕೈಗೋ ಕಾಲಿಗೋ ದೊಡ್ಡ ಗಾಯವಾದರೆ ಅದರ ಮೇಲ್ಗಡೆ ಬಿಗಿದು, ಪಟ್ಟಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೂರು ಸುತ್ತು ತಿರುಗಿಸಿದರೆ ರಕ್ತ ನಿಲ್ಲಬೇಕು. ನೂರು ಪಟ್ಟಿಯ ಪ್ರತಿ ಪೆಟ್ಟಿಗೆಯಿಂದ ಐದನ್ನು ತೆಗೆದು, ಮೇಜಿಗೆ ತಿರುಪು ಹಾಕಿ ನಿಲ್ಲಿಸಿದ ಮರದ ಕಾಲಿಗೆ ಕಟ್ಟಿ, ತಿರುಗಿಸಿ ನೋಡಿ, ಪೆಟ್ಟಿಗೆಯ ಮೇಲೆ ಮುದ್ರೆ ಒತ್ತುವುದು ಅವಳ ಕೆಲಸ. ಆ ಕಾಲಿಗೆ ಎಲ್ಲರೂ ಭಾವ ಎನ್ನುತ್ತಿದ್ದರು. ದಿನವಿಡೀ ಹಿಂಸೆ ಕೊಟ್ಟರೂ ಎದುರು ಮಾತಾಡದ ಗಂಡಸು ಅವನೊಬ್ಬನೇ ಎಂದು ಹೊಲಿಗೆಯ ಹೆಂಗಸರ ತಮಾಷೆ.

ಪಕ್ಕದ ದೇಶದ ಮೇಲೆ ಅದರಾಚೆಯ ದೊಡ್ಡ ದೇಶ ದಂಡೆತ್ತಿ ಬಂದು ಎರಡನೇ ವರ್ಷ ನಡೆಯುತ್ತಿತ್ತು. ಅವರಿಗೆ ಏನು ಕೊಡಬೇಕೆಂದು ಇಲ್ಲಿನ ಸಂಸತ್ತಿನಲ್ಲಿ ತಿಂಗಳುಗಟ್ಟಲೆ ಜಗಳ. ಆಯುಧ ಕೊಟ್ಟರೆ ಯುದ್ಧ ನಮ್ಮ ಬಾಗಿಲಿಗೇ ಬರುತ್ತದೆ ಎಂದು ಕೆಲವರು. ಕೊಡದಿದ್ದರೆ ನಾಳೆ ನಮ್ಮ ಸರದಿ ಎಂದು ಇನ್ನು ಕೆಲವರು. ಕೊನೆಗೆ ಮೊದಲು ಪಟ್ಟಿ, ಔಷಧ, ಕಂಬಳಿ ಕಳಿಸುವುದು, ಆಯುಧದ ಮಾತನ್ನು ಇನ್ನೊಂದು ಮತದಾನಕ್ಕೆ ಬಿಡುವುದು ಎಂದಾಯಿತು. ರೇಡಿಯೋ ಮುಂದಿನಿಂದ ಏಳದ ಅತ್ತೆ, "ಹೊಡೆಯೋನ ಕೈ ಹಿಡಿಯೋಕೆ ಧೈರ್ಯ ಇಲ್ಲ, ಹೊಡೆಸ್ಕೊಂಡೋನಿಗೆ ಬಟ್ಟೆ ಕಟ್ತಾರಂತೆ" ಎಂದು ರೇಡಿಯೋವನ್ನೇ ಹಂಗಿಸಿದರು.

ಲಾರಿಗಳನ್ನು ಬೀಳ್ಕೊಡಲು ಮಂತ್ರಿ ಕಾರ್ಖಾನೆಗೆ ಬರುವ ದಿನ ಬೆಳಗ್ಗೆಯೇ ಇಬ್ಬರು ಬಂದು ಭಾವನ ತಿರುಪು ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಹೋದರು. ಮಂತ್ರಿಗೆ ವೇದಿಕೆಯ ಮೇಲೆ ತಾವೇ ಪಟ್ಟಿ ಬಿಗಿಯುವ ಫೋಟೊ ಬೇಕಂತೆ. ಅವರು ಬರುವುದು ಸಂಜೆ ನಾಲ್ಕಕ್ಕೆ. ಅಷ್ಟರೊಳಗೆ ಲಾರಿ ತುಂಬಿರಬೇಕು. ಅವಳೆದುರು ನಲವತ್ತು ಪೆಟ್ಟಿಗೆ. ಕಡ್ಡಿಯ ಹೊಸ ಸರಕು ಬೇರೆ. ಹಳೆಯದಕ್ಕಿಂತ ಒಂದಿಷ್ಟು ಬೆಳ್ಳಗಿತ್ತು, ಅವಳ ಕಣ್ಣಿಗೆ ಅದು ಬಿದ್ದಿತ್ತು. ಸೂಪರ್‌ವೈಸರ್ ನೆತ್ತಿಯ ಮೇಲೆ ನಿಂತು, ಕೈಯಲ್ಲೇ ನೋಡಿ ಒತ್ತಮ್ಮ ಎಂದರು. ಬಗ್ಗಿಸಿ ನೋಡಿದಳು, ಗಟ್ಟಿಯಾಗಿದ್ದಂತಿತ್ತು. ನಲವತ್ತಕ್ಕೂ ಮುದ್ರೆ ಒತ್ತಿದಳು. ಬೀಗವನ್ನು ನಾಲ್ಕು ಸಲ ಎಳೆದು ನೋಡುವವಳು.

ಮರುದಿನ ಭಾವ ತೊಡೆಗೆ ಬಣ್ಣದ ರಿಬ್ಬನ್ ಸುತ್ತಿಕೊಂಡು ಮರಳಿದ. ಹೊಸ ಕಡ್ಡಿಯ ಪಟ್ಟಿಗಳಲ್ಲಿ ಉಳಿದಿದ್ದ ಐದನ್ನು ಊಟದ ಬಿಡುವಿನಲ್ಲಿ ಕಟ್ಟಿ ನೋಡಿದಳು. ಮೊದಲನೆಯದು ತಡೆಯಿತು, ಎರಡನೆಯದೂ ತಡೆಯಿತು. ಆಮೇಲಿನದರ ಕಡ್ಡಿ ಕೊನೆಯ ಸುತ್ತಿಗೆ ಟಕ್ಕೆಂದಿತು. ಐದರಲ್ಲಿ ಎರಡು ಮುರಿದವು.

ಸೂಪರ್‌ವೈಸರ್ ಕೆಟ್ಟವರಲ್ಲ. ಮುರಿದ ಕಡ್ಡಿಗಳನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು. ಉಳಿದ ಕಡ್ಡಿಯೆಲ್ಲ ಇವತ್ತೇ ವಾಪಸ್ ಹೋಗುತ್ತದೆ ಎಂದರು. ಹೋದ ಪೆಟ್ಟಿಗೆಗಳ ಮಾತೆತ್ತಿದಾಗ ಎದ್ದು ಬಾಗಿಲು ಮುಂದೆ ಮಾಡಿದರು.

"ನೋಡಮ್ಮ, ಮಂಗಳವಾರ ಮತದಾನ. ಎರಡೇ ವೋಟಿನ ಮೇಲೆ ನಿಂತಿದೆ. ಈಗ ಇದು ಹೊರಗೆ ಬಿದ್ರೆ, ಕಳಿಸಿದ್ದೇ ಕಸ, ಇನ್ನು ಆಯುಧ ಯಾಕೆ ಅಂತ ಎದ್ದು ನಿಲ್ತಾರೆ. ಪಟ್ಟಿ ತಡೆಯೋಕೆ ಹೋಗಿ ಆಯುಧ ತಪ್ಪಿಸಿದ್ರೆ ಎಷ್ಟು ಜನ ಹೋಗ್ತಾರೆ, ನೀನೇ ಯೋಚ್ನೆ ಮಾಡು. ಬುಧವಾರ ನಾನೇ ಹೇಳ್ತೀನಿ."

"ಲಾರಿ ಸೋಮವಾರ ಗಡಿ ದಾಟುತ್ತೆ, ಸರ್."

ಅವರು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡತೊಡಗಿದರು.

ಅವರ ಮಾತು ಸುಳ್ಳಲ್ಲ ಎಂಬುದೇ ಅವಳ ಸಂಕಟ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಅಂದಿನಿಂದ ಒಬ್ಬ ಅವಳ ಬೆನ್ನು ಹತ್ತಿದ. ಮುಖವಿಲ್ಲ, ವಯಸ್ಸು ತಿಳಿಯದು. ಎಲ್ಲೋ ಗೋಡೆಗೆ ಒರಗಿ ಕೂತ ಒಬ್ಬ ಗಂಡಸು, ಅವನ ಎರಡು ಕೈ, ಕೈಯಲ್ಲಿ ಬೆಳ್ಳಗಿನ ಕಡ್ಡಿ. ಬಸ್ಸಿನ ಖಾಲಿ ಸೀಟಿನಲ್ಲಿ ಬಂದು ಕೂರುತ್ತಿದ್ದ. ಅಡುಗೆಮನೆಯ ಮೂಲೆಯಲ್ಲಿ, ನಡುಹಗಲಿನ ಬೆಳಕಿನಲ್ಲಿ, ಅವಳ ಕಡೆ ನೋಡದೆ, ಯಾವ ಅನುಮಾನವೂ ಇಲ್ಲದೆ ಕಡ್ಡಿ ತಿರುಗಿಸುತ್ತಿದ್ದ. ಆ ನಂಬಿಕೆಯನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ. ಒಲೆಯ ಮೇಲಿಟ್ಟ ಹಾಲು ಎರಡು ದಿನ ಉಕ್ಕಿ ಹೋಯಿತು. ಅತ್ತೆ ಒಲೆ ಒರೆಸಿದರು.

ಹೊಲಿಗೆ ಮೇಜಿನಲ್ಲಿ ಆ ದೇಶದಿಂದಲೇ ಓಡಿಬಂದ ಹೆಂಗಸೊಬ್ಬಳಿದ್ದಳು, ಎಲ್ಲರಿಗೂ ಅಕ್ಕ. ಅವಳ ತಮ್ಮ ಅಲ್ಲಿ ಸೈನಿಕನಾಗಿ ಕಂದಕದಲ್ಲಿದ್ದ. ಶನಿವಾರ ಕೈತೊಳೆಯುವ ನಲ್ಲಿಯ ಬಳಿ, ನೇರವಾಗಿ ಹೇಳುವ ಧೈರ್ಯ ಸಾಲದೆ, ಇವಳು ಸುತ್ತಿ ಬಳಸಿ ಕೇಳಿದಳು: ಪಟ್ಟಿ ಬರುವುದು ತಡವಾದರೆ ಅಲ್ಲಿನವರು ಏನು ಮಾಡುತ್ತಾರೆ?

"ಏನ್ ಮಾಡ್ತಾರೆ. ಬೆಲ್ಟು, ಷರ್ಟು, ಕೈಗೆ ಸಿಕ್ಕಿದ್ದು ಕಟ್ಕೋತಾರೆ. ಇಲ್ಲ ಅಂತ ಗೊತ್ತಿದ್ರೆ ಮನುಷ್ಯ ಹೇಗೋ ಹುಡುಕ್ತಾನೆ ಕಣೇ. ಇದೆ ಅಂತ ನಂಬ್ಕೊಂಡೋನು ಹುಡುಕಲ್ಲ." ಅಕ್ಕ ಕೈ ಒರೆಸಿಕೊಂಡಳು. "ನಿನ್ ವಿಷ್ಯ ತಮ್ಮನಿಗೆ ಬರ್ದಿದೀನಿ. ನಮ್ ಅನುಮಾನಮ್ಮ ನೋಡಿ ಕಳಿಸಿರೋದು, ಹೆದರ್ಬೇಡ ಅಂತ."

ಇವಳು ನಲ್ಲಿ ಮುಚ್ಚುವುದನ್ನೂ ಮರೆತು ನಡೆದಳು.

ಭಾನುವಾರ ಮಧ್ಯಾಹ್ನ ರೇಡಿಯೋ, ಲಾರಿಗಳು ಗಡಿಯ ಗೋದಾಮಿನಲ್ಲಿ ನಿಂತಿವೆ, ನಸುಕಿಗೆ ಹೊರಡಲಿವೆ ಎಂದಿತು. ಮತದಾನದ ಸುದ್ದಿಯಲ್ಲಿ ಇನ್ನೂ ಅದೇ ಎರಡು ವೋಟು. ಪೆಟ್ಟಿಗೆಗಳ ಮೇಲೆ ಅಂಟಿಸುವ ಚೀಟಿಯಲ್ಲಿ ಗೋದಾಮಿನ ಫೋನ್ ನಂಬರ್ ಇರುತ್ತದೆ. ನಲವತ್ತು ಸಲ ಅಂಟಿಸಿದವಳಿಗೆ ಅದು ಬಾಯಿಪಾಠವಾಗಿತ್ತು. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿದಳು.

"ಯಾರಿಗೆ ಫೋನು?"

"ಗಡಿಗೆ, ಅತ್ತೆ. ಕೆಲಸ ಹೋಗಬಹುದು. ಮಂಗಳವಾರ ಆಯುಧಾನೂ ತಪ್ಪಬಹುದು."

ಅತ್ತೆ ಅವಳ ಮುಖವನ್ನು ಒಂದು ಗಳಿಗೆ ನೋಡಿ, ರೇಡಿಯೋ ಆರಿಸಿದರು.

ನಂಬರ್ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು. ಬಹಳ ಹೊತ್ತಿನ ಮೇಲೆ ಒಬ್ಬ ಗಂಡಸು ಎತ್ತಿದ. ಹಿಂದೆ ಲಾರಿಗಳ ಸದ್ದು. ನಲವತ್ತು ಪೆಟ್ಟಿಗೆ ಹೊರಡಕೂಡದು, ಕಡ್ಡಿ ಮುರಿಯುತ್ತದೆ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು.

"ಯಾರಮ್ಮ ನೀವು? ಪತ್ರಿಕೆಯವರಾ, ವಿರೋಧ ಪಕ್ಷದವರಾ?"

"ಎರಡೂ ಅಲ್ಲ. ಪರೀಕ್ಷೆ ಮಾಡದೇ ಮುದ್ರೆ ಒತ್ತಿದವಳು ನಾನು."

ಆ ಕಡೆ ಒಂದು ಕುರ್ಚಿ ಎಳೆದ ಸದ್ದು, ಕಾಗದದ ಸದ್ದು.

"ಪೆಟ್ಟಿಗೆ ನಂಬರ್ ಹೇಳಿ," ಎಂದ. "ನಿಧಾನವಾಗಿ."