ಸುಜಾತಾ ಆರಿಸಿದ ಕಂಪ್ಯೂಟರ್

ಫೋನಿನಲ್ಲಿ ಇಂಟರ್ನೆಟ್ ಅಗ್ಗವಾಗಿ ಸಿಗತೊಡಗಿದ ಹೊಸತು ಅದು. ಮಧ್ಯಾಹ್ನದ ಬಿಸಿಲಿಗೆ ಜೇವರ್ಗಿ ಊರೆಲ್ಲ ಬಾಗಿಲು ಮುಚ್ಚಿ ಮಲಗಿದರೆ, ವಿಜಯಪುರದ ರಸ್ತೆಯ ಲಾರಿಗಳ ಹಾರ್ನು ಒಂದೇ ಕೇಳಿಸುತ್ತಿತ್ತು. ಕರೆಂಟು ಹೋದರೆ ಯಾವಾಗ ಬರುತ್ತದೆಂದು ಯಾರೂ ಕೇಳುತ್ತಿರಲಿಲ್ಲ, ಬೀಸಣಿಗೆ ಹುಡುಕುತ್ತಿದ್ದರು. ಅಂಥ ಒಂದು ಬೇಸಿಗೆ ರಜೆಯಲ್ಲಿ, ಎಂಟನೇ ತರಗತಿ ಮುಗಿಸಿದ್ದ ನಾನೂ ನನ್ನ ಗೆಳತಿ ಸುಜಾತಾಳೂ ಬೇವಿನ ಗಿಡದ ನೆರಳಿನಲ್ಲಿ ಕೂತು ಒಂದು ಕಂಪ್ಯೂಟರ್ ಕಟ್ಟುತ್ತಿದ್ದೆವು. ಕೈಯಲ್ಲಿ ಇನ್ನೂ ಏನೂ ಇರಲಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು, ಸುಜಾತಾಳ ಅವ್ವನ ಫೋನು, ಅಷ್ಟೇ.

ತರಗತಿಯಲ್ಲಿ ಮೊದಲ ಐದರೊಳಗೆ ಬಂದರೆ ಕಂಪ್ಯೂಟರ್ ಕೊಡಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ಅಪ್ಪನದು ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿ. ಆಡಿದ ಮಾತು ತಪ್ಪುವವನಲ್ಲ. ನಾನು ಐದನೆಯವಳಾಗಿ ಬಂದೆ. ಮೊದಲನೆಯವಳು ಸುಜಾತಾ. ನನ್ನನ್ನು ಗಣಿತದಲ್ಲಿ ದಾಟಿಸಿದ್ದೂ ಅವಳೇ. ಓದಲಿಕ್ಕೆ ಬೇಕು ಎಂದು ಅಪ್ಪನಿಗೆ ಹೇಳಿದ್ದೆವು. ಖರೇ ಎಂದರೆ ನಮಗಿಬ್ಬರಿಗೂ ಕಾರ್ ರೇಸಿನ ಆಟದ ಹುಚ್ಚು ಹಿಡಿದಿತ್ತು. ಮಳೆಯಲ್ಲಿ ನೆನೆದ ರಸ್ತೆ, ಅದರ ಮೇಲೆ ಹೊಳೆಯುವ ದೀಪ, ತಿರುವಿನಲ್ಲಿ ಕಿರುಚುವ ಟೈರು. ಅದು ಸಾದಾ ಕಂಪ್ಯೂಟರಿನಲ್ಲಿ ಓಡುವ ಆಟವಲ್ಲ.

ಕಂಪ್ಯೂಟರಿನ ವಿಷಯದಲ್ಲಿ ಸುಜಾತಾಳ ಮಾತೇ ಕೊನೆಯ ಮಾತು. ಅವಳ ಮಾಮ ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಹಿಂದಿನ ವರ್ಷದ ರಜೆಯನ್ನೆಲ್ಲ ಅವಳು ಅವನ ಅಂಗಡಿಯಲ್ಲಿ ಕಳೆದು, ಪೆಟ್ಟಿಗೆ ಬಿಚ್ಚಿ ಮತ್ತೆ ಜೋಡಿಸುವುದನ್ನು ಕಲಿತು ಬಂದಿದ್ದಳು. ಅವಳ ಅವ್ವ ಸರಕಾರಿ ದವಾಖಾನೆಯಲ್ಲಿ ನರ್ಸ್. ಊರಿನವರೆಲ್ಲ ಅವರನ್ನು ಸಿಸ್ಟರಬಾಯಿ ಅನ್ನುತ್ತಿದ್ದರು. ಅವರ ಮನೆಯಲ್ಲಿ ಒಂದು ಸಣ್ಣ ಬುದ್ಧನ ಮೂರ್ತಿ, ಅದರ ಮುಂದೆ ದಿನಾ ಎರಡು ಊದಿನಕಡ್ಡಿ. ಆ ಮನೆಯ ಅಂಗಳದ ಬೇವಿನ ಗಿಡವೇ ನಮ್ಮ ಠಿಕಾಣಿ.

ಅಪ್ಪ ಹೇಳಿದ್ದ ಮೊತ್ತದೊಳಗೆ ಎಲ್ಲ ಕೂಡಿಸಬೇಕಿತ್ತು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಗಿಡ್ಡಾಗುವ ಕೌದಿಯ ಹಾಗೆ. ನನಗೆ ಗಾಜಿನ ಬದಿ ಇದ್ದ, ಒಳಗೆ ಬಣ್ಣದ ದೀಪ ಉರಿಯುವ ಕ್ಯಾಬಿನೆಟ್ ಬೇಕಿತ್ತು. ಆ ಜಗಳ ಮೂರು ದಿನ ನಡೆಯಿತು.

"ಏ ಹುಚ್ಚಿ, ಆಟ ಆಡೂದು ದೀಪ ಅಲ್ಲ, ಗ್ರಾಫಿಕ್ಸ್ ಕಾರ್ಡ್," ಅಂದಳು ಸುಜಾತಾ. "ದೀಪದ ರೊಕ್ಕ ಕಾರ್ಡಿಗೆ ಹಾಕೂಣು."

"ನೋಡಾಕರೆ ಚಂದ ಇರಬೇಕಲ್ಲ ಬೇ?"

"ನಿಮ್ಮ ಮನ್ಯಾಗ ತೊಗರಿ ಧೂಳು ಎಷ್ಟು ಬರ್ತದ ಗೊತ್ತದ ಇಲ್ಲ? ಗಾಜು ತಗೊಂಡು ಏನ್ ಮಾಡ್ತಿ? ಮುಂದ ಜಾಳಗಿ ಇರೂದು ತಗೋ. ಗಾಳಿನೂ ಆಡ್ತದ, ಧೂಳೂ ತಡೀತದ."

ಹೀಗೆ ಒಂದೊಂದೂ. ಗ್ರಾಫಿಕ್ಸ್ ಕಾರ್ಡ್ ಬೇರೆಯೇ ಹಾಕುವುದಾದರೆ ಚಿತ್ರ ತೋರಿಸುವ ಶಕ್ತಿ ಪ್ರೊಸೆಸರಿನೊಳಗೇ ಇರಬೇಕಾಗಿಲ್ಲ, ಅದಿಲ್ಲದ್ದೇ ಸಾಕು, ಅದೇ ರೊಕ್ಕಕ್ಕೆ ಹೆಚ್ಚು ವೇಗದ್ದು ಬರುತ್ತದೆ ಅಂದಳು. ಎಂಟರ ರ‍್ಯಾಮ್ ಒಂದೇ ಪಟ್ಟಿಯ ಬದಲು ನಾಲ್ಕು ಜಿಬಿಯವು ಎರಡು, ಜೋಡಿಯಾದರೆ ವೇಗ ಹೆಚ್ಚು. ಪವರ್ ಸಪ್ಲೈ ಮಾತ್ರ ಅಗ್ಗದ್ದು ಬೇಡವೇ ಬೇಡ. ನಮ್ಮೂರ ಕರೆಂಟು ಏರಿಳಿಯುವ ರೀತಿಗೆ ಅದು ಸುಟ್ಟರೆ ಉಳಿದದ್ದನ್ನೂ ಸುಡುತ್ತದೆ. ಹಿಂದಿ ವಿಡಿಯೋ ನೋಡುವುದು, ನಿಲ್ಲಿಸುವುದು, ಬರೆಯುವುದು, ರಬ್ಬರಿನಿಂದ ಅಳಿಸುವುದು. ಅಳಿಸಿ ಅಳಿಸಿ ಹಾಳೆ ತೂತು ಬಿದ್ದಿತ್ತು. ತಲೆಯ ಮೇಲೆ ಬೇವಿನ ಹೂವು ಉದುರುತ್ತಿತ್ತು. ಆ ಕಹಿಸಿಹಿ ವಾಸನೆ ಈಗ ಮೂಗಿಗೆ ಬಂದರೂ ನನಗೆ ಮದರ್‌ಬೋರ್ಡಿನ ಚಿತ್ರ ಕಾಣುತ್ತದೆ.

ಸಂಜೆ ಡ್ಯೂಟಿ ಮುಗಿಸಿ ಬಂದ ಸಿಸ್ಟರಬಾಯಿ ಚುರುಮುರಿ ನೆನೆಸಿ ಸುಸಲಾ ಮಾಡುತ್ತಿದ್ದರು, ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ. ನಾನು ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆ. ಮನೆಗೆ ಹೋದ ಮೇಲೆ, ಏನೂ ತಿಂದಿಲ್ಲ ಅನ್ನುತ್ತಿದ್ದೆ. ಹಾಗೆ ಹೇಳಬೇಕೆಂದು ಯಾರೂ ನನಗೆ ಕಲಿಸಿರಲಿಲ್ಲ. ಹದಿನಾಲ್ಕರ ವಯಸ್ಸಿಗೆ ಅದು ತಾನಾಗಿಯೇ ಗೊತ್ತಿತ್ತು. ಸುಜಾತಾಳನ್ನು ನಮ್ಮ ಮನೆಗೆ ಅಲ್ಲಿಯವರೆಗೆ ಒಮ್ಮೆಯೂ ಕರೆದಿರಲಿಲ್ಲ ಎಂಬುದು ಮಾತ್ರ ಆಗ ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಕೊಳ್ಳಲಿಕ್ಕೆ ಅಪ್ಪ ನಮ್ಮಿಬ್ಬರನ್ನೂ ಕಲಬುರಗಿಗೆ ಕರೆದುಕೊಂಡು ಹೋದ. ಅಂಗಡಿಯವನು ಸುಜಾತಾಳ ಎತ್ತರ ನೋಡಿ, ಹೆಸರಿಲ್ಲದ ಒಂದು ಪವರ್ ಸಪ್ಲೈಯನ್ನು ಮುಂದಿಟ್ಟ. ಅವಳು ಅದನ್ನು ಕೈಯಲ್ಲಿ ತೂಗಿ ನೋಡಿ ವಾಪಸ್ಸಿಟ್ಟಳು.

"ಇದು ಹಗುರ ಅದ್ರಿ. ಒಳಗ ಸಾಮಾನು ಕಮ್ಮಿ ಅದ. ಚೀಟಿಯೊಳಗ ಬರದದ್ದೇ ಕೊಡ್ರಿ."

ಅಂಗಡಿಯವನು ಪೆಚ್ಚಾದ. ಅಪ್ಪ ಹೊಟ್ಟೆ ಹಿಡಿದು ನಕ್ಕ. "ನಮ್ಮ ಅಡತಿಗೆ ಇಂಥಾಕಿ ಒಬ್ಬಾಕಿ ಇದ್ರ ಸಾಕು ನೋಡವ್ವ!" ಅಂದ. ಆಮೇಲೆ ಮೂವರೂ ಒಂದೇ ಟೇಬಲ್ಲಿನಲ್ಲಿ ಕೂತು ಊಟ ಮಾಡಿದೆವು. ಅಪ್ಪ ತನ್ನ ಪಾಲಿನ ಹೋಳಿಗೆಯನ್ನು ಅವಳ ಎಲೆಗೆ ಹಾಕಿದ. ಜೋಡಿಸಿ ಕೊಡಲೇನ್ರಿ ಎಂದು ಅಂಗಡಿಯವನು ಕೇಳಿದ್ದಕ್ಕೆ, "ಬ್ಯಾಡ್ರಿ ಕಾಕಾ, ನಾವೇ ಜೋಡಸ್ತೀವಿ," ಅಂದಿದ್ದಳು ಸುಜಾತಾ. ದಾರಿಯುದ್ದಕ್ಕೂ ಗ್ರಾಫಿಕ್ಸ್ ಕಾರ್ಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಗಾಡಿ ತಗ್ಗಿಗೆ ಇಳಿದರೆ ಎರಡೂ ಕೈಯಿಂದ ಅವುಚಿಕೊಳ್ಳುತ್ತಿದ್ದಳು.

ಮರುದಿನ ರವಿವಾರ. ಬೆಳಿಗ್ಗೆಯೇ ಬಂದಳು. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ, ಹಬ್ಬಕ್ಕೆ ಹೊಲಿಸಿದ ಹಸಿರು ಚೂಡಿದಾರ, ಕೈಯಲ್ಲಿ ಮಾಮನ ಸ್ಕ್ರೂಡ್ರೈವರು. ಪಡಸಾಲೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಸಣ್ಣ ದನಿಯಲ್ಲಿ ವಚನ. ನನ್ನನ್ನು ಎದೆಗೆ ಕಟ್ಟಿಕೊಂಡು ಬೆಳೆಸಿದವಳು ಆಯಿ.

"ಯಾರ ಮಗಳವ್ವ ನೀ?"

"ದವಾಖಾನಿ ಸಿಸ್ಟರ್ ಮಗಳ್ರಿ, ಆಯಿ."

"ಮನಿ ಎಲ್ಲದ?"

ಸುಜಾತಾ ಓಣಿಯ ಹೆಸರು ಹೇಳಿದಳು. ಮೊರದಲ್ಲಿ ಆಯಿಯ ಬೆರಳು ನಿಂತಿತು. ಬೈಯಲಿಲ್ಲ, ದನಿ ಏರಿಸಲಿಲ್ಲ. ನನ್ನ ಜೊತೆ ಮಾತಾಡುವಷ್ಟೇ ಮೆತ್ತಗೆ ಹೇಳಿದಳು:

"ಹೊರಗ ಕಟ್ಟಿ ಮ್ಯಾಲ ಕೂಡವ್ವ. ಒಳಗ ದೇವರ ಮನಿ ಅದ."

ಸುಜಾತಾಳ ಒಂದು ಕಾಲು ಹೊಸ್ತಿಲ ಒಳಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡಳು. ನನ್ನ ಮುಖ ನೋಡಿದಳು. ನಾನು ಅಪ್ಪನ ಮುಖ ನೋಡಿದೆ. ನಿನ್ನೆ ಹೋಳಿಗೆ ಹಾಕಿದ್ದ ಅಪ್ಪ, ತೊಡಕು ಬಿಡಿಸಿದವನ ಹಾಗೆ ಹಗುರಾಗಿ ಅಂದ: "ಹಿಂಗ ಮಾಡ್ರಿ. ಭಾಗ್ಯಾ, ನೀ ಒಳಗ ಜೋಡಸು. ಸುಜಾತಾ ಕಟ್ಟಿ ಮ್ಯಾಲ ಕೂತು ಕಿಡಕ್ಯಾಗಿಂದ ಹೇಳ್ತಾಳ. ಆ ಕಿಡಕಿ ತೆರಿ." ಹೇಳಿ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ.

ನಾನು ಕಿಟಕಿ ತೆರೆದೆ.

ಈಗ ಯೋಚಿಸಿದರೆ, ಅವಳು ಆಗಲೇ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಒಂದೂವರೆ ತಿಂಗಳು ಒಂದೊಂದನ್ನೂ ಆರಿಸಿದವಳು ಅವಳು. ಅವು ಒಂದಕ್ಕೊಂದು ಕೂಡಿ ಜೀವ ಬರುವುದನ್ನು ನೋಡದೆ ಹೋಗಲು ಅವಳಿಂದ ಆಗಲಿಲ್ಲವೋ ಏನೋ. ಕಬ್ಬಿಣದ ಸರಳು ಹಿಡಿದು ನಿಂತಳು. ಬಿಸಿಲು ಅವಳ ಬೆನ್ನ ಮೇಲಿತ್ತು. ನಾನು ಒಳಗೆ ಫ್ಯಾನಿನ ಕೆಳಗೆ ಡಬ್ಬಿಗಳನ್ನು ಒಡೆದೆ. ಹೊಸ ರಟ್ಟಿನ, ಪ್ಲಾಸ್ಟಿಕ್ಕಿನ ಘಮ ಕೋಣೆಯನ್ನೆಲ್ಲ ತುಂಬಿತು.

"ಪ್ರೊಸೆಸರಿನ ಮೂಲಿಗೆ ಬಂಗಾರದ ಬಣ್ಣದ ಸಣ್ಣ ಗುರುತು ಅದ ನೋಡು. ಬೋರ್ಡಿನ ಮ್ಯಾಲೂ ಹಂಗೇ ಒಂದು ಅದ. ಎರಡೂ ಒಂದೇ ಕಡಿ ಬರಬೇಕು. ಒತ್ತಬ್ಯಾಡ. ತಾನೇ ಕೂಡ್ತದ."

"ಕೂತು."

"ಈಗ ರ‍್ಯಾಮ್. ಟಕ್ ಅಂತ ಸಪ್ಪಳ ಬರೂತನಕ ಒತ್ತು. ಅಂಜಬ್ಯಾಡ, ಮುರಿಯಂಗಿಲ್ಲ."

ಕೈಗಳಿಂದ ಗಾಳಿಯಲ್ಲೇ ಮಾಡಿ ತೋರಿಸುತ್ತಿದ್ದಳು. ಸ್ವಿಚ್ಚಿನ ಸಣ್ಣ ಸಣ್ಣ ವೈರುಗಳು ನನ್ನ ಬೆರಳಿಗೆ ಹತ್ತಲೇ ಇಲ್ಲ. "ಇಲ್ಲಿ ತಾ," ಅಂದಳು. ಕ್ಯಾಬಿನೆಟ್ಟನ್ನು ಕಿಟಕಿಗೆ ಒತ್ತಿ ಹಿಡಿದೆ. ಸರಳುಗಳ ಸಂದಿಯಿಂದ ಮೊಣಕೈವರೆಗೆ ಕೈ ತೂರಿಸಿ, ನೋಡಲಿಕ್ಕೂ ಸರಿಯಾಗಿ ಕಾಣದ ಜಾಗದಲ್ಲಿ, ಒಂದೊಂದೇ ವೈರನ್ನು ಸಿಗಿಸಿದಳು. ಬೆವರು ಅವಳ ಗದ್ದದಿಂದ ಕಟ್ಟೆಯ ಮೇಲೆ ಹನಿಯುತ್ತಿತ್ತು. ನನ್ನ ಅವ್ವ ಹೊರಗೆ ಹೋಗಿ, ಯಾವುದೋ ಮದುವೆಯಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಗ್ಲಾಸಿನಲ್ಲಿ ನೀರು ತಂದಿಟ್ಟಳು. ಸುಜಾತಾ ಗ್ಲಾಸನ್ನು ನೋಡಿದಳು. ಮುಟ್ಟಲಿಲ್ಲ.

ಬಟನ್ ಒತ್ತಿದಾಗ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ನನಗೆ ಅಳು ಬಂತು. ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು:

"ಮಾನಿಟರ್ ವೈರ್ ಎಲ್ಲಿ ಹಾಕಿದಿ? ಬೋರ್ಡಿಗೋ, ಕಾರ್ಡಿಗೋ?"

"ಬೋರ್ಡಿಗೆ."

"ಕಾರ್ಡಿಗೆ ಹಾಕು."

ಹಾಕಿದೆ. ಪರದೆ ಬೆಳಗಿತು. ನಾನು ಕುಣಿದೆ, ಕಿರುಚಿದೆ, ಅವ್ವನನ್ನು, ತಮ್ಮನನ್ನು ಕೂಗಿದೆ. ಎಲ್ಲರೂ ಓಡಿ ಬಂದರು. ಗದ್ದಲದ ನಡುವೆ ಕಿಟಕಿಯಿಂದ ದನಿ ಕೇಳಿತು: "ಭಾಗ್ಯಾ, ಮಾಮನ ಸ್ಕ್ರೂಡ್ರೈವರ್ ಕೊಡು." ಪರದೆಯಿಂದ ಕಣ್ಣು ತೆಗೆಯದೆ, ಕೈಯನ್ನಷ್ಟೇ ಹಿಂದಕ್ಕೆ ಚಾಚಿ ಕೊಟ್ಟೆ. ತಿರುಗಿ ನೋಡುವಷ್ಟರಲ್ಲಿ ಕಟ್ಟೆ ಖಾಲಿಯಾಗಿತ್ತು.

ನಾಲ್ಕು ದಿನ ಅವಳ ಮನೆ ಕಡೆ ಹೋಗಲಿಲ್ಲ. ಹೊಸ ಆಟದ ನೆಪ ಇತ್ತು. ಐದನೆಯ ದಿನ ಹೋದೆ. ಸಿಸ್ಟರಬಾಯಿ ಎಂದಿನಂತೆ ಸ್ಟೀಲಿನ ತಾಟಿನಲ್ಲಿ ಸುಸಲಾ ಕೊಟ್ಟು, "ಏನವ್ವ ಭಾಗ್ಯಾ, ಕಂಪ್ಯೂಟರ್ ಹ್ಯಾಂಗ ನಡದದ? ನಮ್ಮಾಕಿ ಏನೂ ಹೇಳೂದೇ ಇಲ್ಲ," ಅಂದರು. ಅವಳು ಅವ್ವನಿಗೆ ಹೇಳಿರಲಿಲ್ಲ. ನಾನು ತಾಟನ್ನು ಕೆಳಗಿಟ್ಟೆ. ಸುಜಾತಾ ಪುಸ್ತಕದಿಂದ ತಲೆ ಎತ್ತದೆ, "ಚಲೋ ನಡದದ ಅವ್ವಾ," ಅಂತ ನನ್ನ ಪರವಾಗಿ ಉತ್ತರ ಕೊಟ್ಟಳು.

ಅಂಗಳದವರೆಗೆ ಕಳಿಸಲು ಬಂದಾಗ ನಾನು ಶುರು ಮಾಡಿದೆ. "ಆಯಿ ಹಳೇ ಕಾಲದಾಕಿ, ಸುಜಾತಾ. ಆಕಿ ಅಂದದ್ದು..."

"ಆಯಿ ಅಂದ್ಲು. ನೀ ಏನಂದಿ?"

ನಾನು ಬಗ್ಗಿ ಚಪ್ಪಲಿ ಹುಡುಕಿದೆ. ಅವಳು ಹೆಚ್ಚು ಹೊತ್ತು ಕಾಯಲಿಲ್ಲ.

ಶಾಲೆ ಶುರುವಾದ ಮೇಲೆ ಜಗಳವೇನೂ ಆಗಲಿಲ್ಲ. ಪೆನ್ನು ಕೇಳಿದರೆ ಕೊಡುತ್ತಿದ್ದಳು, ಲೆಕ್ಕ ಕೇಳಿದರೆ ಹೇಳಿಕೊಡುತ್ತಿದ್ದಳು. ಆದರೆ ಬೇರೆ ಬೆಂಚಿಗೆ ಹೋಗಿದ್ದಳು. ದೀಪಾವಳಿಯ ಮುಂಚೆ ಸಿಸ್ಟರಬಾಯಿಗೆ ಆಳಂದಕ್ಕೆ ವರ್ಗವಾಯಿತು. ಸಾಮಾನಿನ ಟೆಂಪೋ ಹೊರಟ ದಿನ ನಾನು ಓಣಿಯ ತಿರುವಿನವರೆಗೆ ಹೋಗಿ, ಅಲ್ಲಿಂದಲೇ ವಾಪಸ್ಸು ಬಂದೆ.

ಕಂಪ್ಯೂಟರ್ ಮಾತ್ರ ಅವಳು ಹೇಳಿದಂತೆಯೇ ಗಟ್ಟಿಯಾಗಿತ್ತು. ಎಷ್ಟು ಸಲ ಕರೆಂಟು ಏರಿಳಿದರೂ ಸುಡಲಿಲ್ಲ, ಏಳು ವರ್ಷ ನಡೆಯಿತು. ಕಾರ್ ರೇಸು ಒಬ್ಬಳೇ ಆಡಿದೆ. ಕೆಲವು ದಿನಕ್ಕೆ ಬೇಸರ ಬಂದು ಬಿಟ್ಟೆ. ಕೊನೆಕೊನೆಗೆ ಅದರ ಮುಂದೆ ಹೆಚ್ಚು ಕೂಡುತ್ತಿದ್ದವಳು ಆಯಿ. ಎಲ್ಲರೂ ಒಂದೇ ಎಂದು ಸಾರುವ ಪ್ರವಚನಗಳನ್ನು ಅದರಲ್ಲೇ ಕೇಳುತ್ತ, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಇದನ್ನು ಜೋಡಿಸಿದ ಕೈ ಯಾರದ್ದೆಂದು ಒಮ್ಮೆಯೂ ನಾನು ಹೇಳಲಿಲ್ಲ. ಆಯಿ ತೀರಿಕೊಂಡಾಗ ಅತ್ತೂ ಅತ್ತೂ ಸುಸ್ತಾದೆ. ಪ್ರೀತಿಸಿದವರ ಮೇಲಿನ ಸಿಟ್ಟನ್ನು ಎಲ್ಲಿ ಇಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ನಾನೀಗ ಅಫಜಲಪುರದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹೋದ ವರ್ಷ ಕಂಪ್ಯೂಟರ್ ತರಬೇತಿಗೆಂದು ನಮ್ಮನ್ನು ಆಳಂದಕ್ಕೆ ಕಳಿಸಿದ್ದರು. ಕಲಿಸಲು ಬಂದವಳು ಸುಜಾತಾ. ಕನ್ನಡಕ ಬಂದಿತ್ತು, ಜಡೆ ಒಂದೇ ಆಗಿತ್ತು. ಬೆಂಚಿನಿಂದ ಬೆಂಚಿಗೆ ಹೋಗಿ ಎಲ್ಲರಿಗೂ ತಾಳ್ಮೆಯಿಂದ ತೋರಿಸುತ್ತಿದ್ದಳು. ನನ್ನ ಬಳಿಯೂ ಬಂದು, "ಮೇಡಂ, ಇಲ್ಲಿ ಒತ್ರಿ," ಅಂದಳು.

ಊಟದ ಹೊತ್ತಿಗೆ ಅವಳೊಬ್ಬಳೇ ಇದ್ದಾಗ ಹತ್ತಿರ ಹೋದೆ. "ಸುಜಾತಾ, ಗುರುತು ಸಿಗಲಿಲ್ಲೇನು?"

"ಯಾಕ್ ಸಿಗಂಗಿಲ್ರಿ? ಹಾಜರಿ ಪಟ್ಟಿಯೊಳಗ ಹೆಸರು ನೋಡೇನಿ. ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ? ಆಯಿ?"

"ಆಯಿ ಹೋದಳು."

"ಅಯ್ಯ," ಅಂದಳು. ಅದು ತೋರಿಕೆಯದಾಗಿರಲಿಲ್ಲ.

ಎಷ್ಟೋ ವರ್ಷ ಒಳಗೇ ಉರು ಹೊಡೆದಿದ್ದ ಮಾತು ಹೊರಗೆ ಬರುವಾಗ ತುಂಡಾಗಿ ಬಂತು. "ಅವತ್ತು... ನಾ ಬಾಯಿ ಬಿಡಬೇಕಿತ್ತು."

ಅವಳು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ.

"ಹೌದ್ರಿ," ಅಂದಳು. "ಬಿಡಬೇಕಿತ್ರಿ."

ಆಮೇಲೆ ಗಂಟೆ ನೋಡಿ, ಎಲ್ಲರನ್ನೂ ಒಳಗೆ ಕರೆದಳು.

ಸಂಜೆಯ ಬಸ್ಸಿನಲ್ಲಿ ಅಫಜಲಪುರಕ್ಕೆ ಮರಳುವಾಗ ಜೊತೆಯ ಶಿಕ್ಷಕಿಯರು ತರಬೇತಿಯ ಮೇಡಂ ಅವರನ್ನು ಹೊಗಳುತ್ತಿದ್ದರು. ಎಷ್ಟು ಮರ್ಯಾದೆಯಿಂದ ಮಾತಾಡುತ್ತಾರೆ, ಒಬ್ಬರಿಗೂ ಏಕವಚನ ಇಲ್ಲ ಅಂದರು. ನಾನು ಹೌದು ಅಂದೆ. ಈಗ ಅಂಗೈಯಗಲದ ಫೋನಿನಲ್ಲೇ ಅಂಥ ಆಟಗಳು ಓಡುತ್ತವೆ. ಯಾವ ಭಾಗವನ್ನೂ ಯಾರೂ ಆರಿಸಬೇಕಾಗಿಲ್ಲ. ನನಗೂ ಗೆಳತಿಯರಿದ್ದಾರೆ, ಒಳ್ಳೆಯವರೇ. ಆದರೆ ನನ್ನದೊಂದು ಆಸೆಯನ್ನು ತನ್ನದೇ ಎಂದುಕೊಂಡು ಮೂರು ದಿನ ಜಗಳಾಡಿದವಳು, ಹುಚ್ಚಿ ಎಂದು ಬೈಯುವಷ್ಟು ಸಲಿಗೆ ಇದ್ದವಳು ಒಬ್ಬಳೇ. ಅವಳು ನನಗೆ ಇನ್ನು ಸಾಯುವತನಕ 'ರಿ' ಹಚ್ಚಿಯೇ ಮಾತಾಡುತ್ತಾಳೆ.